ಸಂಕ್ರಮಣ ಲೋಹಗಳ ಬದಲಾಗುವ ಉತ್ಕರ್ಷಣ ಸ್ಥಿತಿಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಟ್ಟಿದ್ದೇವೆ. ಒಂದೊಂದು ಉತ್ತರವೂ ಸ್ವತಂತ್ರ, ಬೇಕಾದ ಕಡೆಯಿಂದ ಓದಬಹುದು. ಶಕ್ತಿಯ ಅಂಕಿಗಳೆಲ್ಲ ಒಂದು ಮೋಲ್‌ಗೆ ಇಷ್ಟು ಕಿಲೋಜೂಲ್ ಎಂಬ ಲೆಕ್ಕದಲ್ಲಿವೆ. ವೋಲ್ಟ್‌ಗಳಲ್ಲಿ ಕೊಟ್ಟಿರುವುದು 25 ಡಿಗ್ರಿ ಸೆಲ್ಸಿಯಸ್‌ನ ಪ್ರಮಾಣಿತ ಅಪಕರ್ಷಣ ವಿಭವ, ಅಂದರೆ ಎಲೆಕ್ಟ್ರಾನು ಪಡೆದು ಕೆಳಗಿನ ಸ್ಥಿತಿಗೆ ಇಳಿಯುವ ಒಲವಿನ ಅಳತೆ; ಅಂಕಿ ಹೆಚ್ಚಿದ್ದಷ್ಟೂ ಒಲವು ಹೆಚ್ಚು. ಪುಸ್ತಕದಿಂದ ಪುಸ್ತಕಕ್ಕೆ ಅಂಕಿ ತುಸು ಆಚೀಚೆ ಆದರೆ ಗಾಬರಿ ಬೇಡ.

## ಮೊದಲ ಮೆಟ್ಟಿಲು

ಉತ್ಕರ್ಷಣ ಸ್ಥಿತಿ ಅಂದ್ರೆ ಅಯಾನಿನ ಆವೇಶ ತಾನೇ?

ಕೆಲವೊಮ್ಮೆ ಹೌದು, ಬಹಳ ಸಲ ಅಲ್ಲ. ಬಂಧದಲ್ಲಿರುವ ಎಲೆಕ್ಟ್ರಾನುಗಳನ್ನೆಲ್ಲ ಹೆಚ್ಚು ಸೆಳೆಯುವ ಪರಮಾಣುವಿಗೇ ಬರೆದುಕೊಟ್ಟರೆ ಲೋಹದ ಪಾಲಿಗೆ ಉಳಿಯುವ ಲೆಕ್ಕವೇ ಉತ್ಕರ್ಷಣ ಸ್ಥಿತಿ. ಪರ್ಮ್ಯಾಂಗನೇಟ್ ಅಯಾನಿನಲ್ಲಿ ನಾಲ್ಕು ಆಕ್ಸಿಜನ್, ತಲಾ −2, ಒಟ್ಟು −8. ಅಯಾನಿನ ಆವೇಶ −1. ಹಾಗಾಗಿ ಮ್ಯಾಂಗನೀಸ್ +7. ಆದರೆ ಏಳು ಎಲೆಕ್ಟ್ರಾನುಗಳನ್ನು ನಿಜವಾಗಿ ಕಳಚಿಕೊಂಡ ಮ್ಯಾಂಗನೀಸ್ ಅಲ್ಲಿ ಕೂತಿಲ್ಲ. ಬಂಧಗಳು ಸಹವೇಲೆನ್ಸೀಯ, ಅದರ ಮೇಲಿನ ನಿಜವಾದ ಆವೇಶ +7ರ ಹತ್ತಿರಕ್ಕೂ ಬರುವುದಿಲ್ಲ. +2, +3 ಸ್ಥಿತಿಗಳ ಸರಳ ಲವಣಗಳಲ್ಲಿ ಸಂಖ್ಯೆಯೂ ಆವೇಶವೂ ಸುಮಾರಾಗಿ ಹೊಂದುತ್ತವೆ. +4 ದಾಟಿದ ಮೇಲೆ ಅದನ್ನು ಲೆಕ್ಕದ ಸಂಖ್ಯೆ ಎಂದೇ ನೋಡಿ.

ಸೋಡಿಯಂಗೆ +1 ಒಂದೇ. ಕಬ್ಬಿಣಕ್ಕೆ ಮಾತ್ರ ಎರಡು ಮೂರು ಯಾಕೆ?

“ಡಿ ಎಲೆಕ್ಟ್ರಾನುಗಳು ಸುಲಭವಾಗಿ ಹೊರಡುತ್ತವೆ” ಎಂಬುದು ಎಲ್ಲರೂ ಬರೆಯುವ ಉತ್ತರ. ಅದು ಅರ್ಧ ಸತ್ಯ. ಯಾವ ಎಲೆಕ್ಟ್ರಾನೂ ಪುಕ್ಕಟೆ ಹೊರಡುವುದಿಲ್ಲ.

ಅಂಕಿ ನೋಡಿ. ಸೋಡಿಯಂನ ಮೊದಲ ಅಯಾನೀಕರಣ ಶಕ್ತಿ (ಮೊದಲ ಎಲೆಕ್ಟ್ರಾನು ಕಿತ್ತು ತೆಗೆಯಲು ಬೇಕಾದ ಶಕ್ತಿ) 496, ಎರಡನೆಯದು 4562. ಕ್ಯಾಲ್ಸಿಯಂನದು 590, 1145, ಆಮೇಲೆ ಒಮ್ಮೆಲೇ 4912. ಹೊರ ಕವಚ ಮುಗಿದು ಒಳ ಕವಚಕ್ಕೆ ಕೈ ಹಾಕಿದ ಕೂಡಲೇ ಎದುರಿಗೆ ಗೋಡೆ. ಕಬ್ಬಿಣದ್ದು 762, 1562, 2957. ಇಲ್ಲಿ ಗೋಡೆ ಇಲ್ಲ, ಎತ್ತರದ ಮೆಟ್ಟಿಲುಗಳಿವೆ. ಹೊರಗಿನ 4ಎಸ್ ಮತ್ತು ಅದರ ಒಳಗಿನ 3ಡಿ ಉಪಕವಚಗಳು ಶಕ್ತಿಯಲ್ಲಿ ಹತ್ತಿರ ಹತ್ತಿರ ಇರುವುದೇ ಇದಕ್ಕೆ ಕಾರಣ.

ಇಷ್ಟು ಖರ್ಚಿನ ಪುಟ. ಜಮೆಯ ಪುಟ ಬೇರೆ ಇದೆ: ಅಯಾನನ್ನು ನೀರು ಸುತ್ತುವರಿದಾಗ ಬಿಡುಗಡೆಯಾಗುವ ಜಲಯೋಜನ ಶಕ್ತಿ, ಹರಳಿನಲ್ಲಿ ಸಿಗುವ ಜಾಲಕ ಶಕ್ತಿ, ಆಕ್ಸಿಜನ್ ಅಥವಾ ಲಿಗ್ಯಾಂಡ್ (ಲೋಹದ ಸುತ್ತ ಅಂಟಿ ಕೂರುವ ಅಣು ಅಥವಾ ಅಯಾನು) ಜತೆ ಬಂಧ ಕಟ್ಟಿದಾಗ ಬರುವ ಶಕ್ತಿ. ಆವೇಶ ಒಂದು ಹೆಚ್ಚಾದರೆ ಈ ಆದಾಯವೂ ಸಾವಿರ, ಎರಡು ಸಾವಿರ ಕಿಲೋಜೂಲ್ ಮಟ್ಟದಲ್ಲೇ ಏರುತ್ತದೆ. ಕಬ್ಬಿಣದಂಥ ಸಂಕ್ರಮಣ ಲೋಹಗಳಲ್ಲಿ ಮುಂದಿನ ಮೆಟ್ಟಿಲಿನ ಖರ್ಚೂ ಅದರಿಂದ ಬರುವ ಜಮೆಯೂ ಸರಿಸುಮಾರು ಸಮ. ಹಾಗಾಗಿ ಸುತ್ತ ಯಾರಿದ್ದಾರೆ ಎಂಬುದರ ಮೇಲೆ ತಕ್ಕಡಿ ಆ ಕಡೆಗೋ ಈ ಕಡೆಗೋ ವಾಲುತ್ತದೆ. ಸ್ಥಿತಿ ಬದಲಾಗುವುದೆಂದರೆ ಇದೇ. ಸೋಡಿಯಂನ 4562ನ್ನು ತೀರಿಸಬಲ್ಲ ಜಮೆ ಯಾವ ದ್ರಾವಣದಲ್ಲೂ, ಯಾವ ಹರಳಿನಲ್ಲೂ ಸಿಗುವುದಿಲ್ಲ.

4ಎಸ್ ಮೊದಲು ತುಂಬುತ್ತೆ ಅಂತೀರಿ, ಮೊದಲು ಖಾಲಿಯಾಗೋದೂ ಅದೇ ಅಂತೀರಿ. ಇದು ಹೇಗೆ?

ತುಂಬುವ ಕ್ರಮ ಒಂದು ಧಾತುವಿನಿಂದ ಮುಂದಿನದಕ್ಕೆ ಹೋಗುವಾಗಿನ ಮಾತು. ಆಗ ಒಂದು ಎಲೆಕ್ಟ್ರಾನಿನ ಜತೆ ಒಂದು ಪ್ರೋಟಾನೂ ಸೇರುತ್ತದೆ. ಅಯಾನೀಕರಣದಲ್ಲಿ ಪ್ರೋಟಾನು ಇದ್ದಷ್ಟೇ ಇದ್ದು ಎಲೆಕ್ಟ್ರಾನು ಮಾತ್ರ ಹೋಗುತ್ತದೆ. ಎರಡೂ ಬೇರೆ ಪ್ರಯೋಗಗಳು, ಒಂದರ ಕ್ರಮವನ್ನು ಇನ್ನೊಂದಕ್ಕೆ ಹಚ್ಚಬೇಕಿಲ್ಲ. ಸ್ಕ್ಯಾಂಡಿಯಂನಿಂದ ಮುಂದೆ 3ಡಿ ಎಲೆಕ್ಟ್ರಾನುಗಳು ಒಳಗೆ, ಬೀಜಕೇಂದ್ರದ ಬಿಗಿ ಹಿಡಿತದಲ್ಲಿರುತ್ತವೆ. 4ಎಸ್ ಹೊರಗೆ ಹರಡಿರುತ್ತದೆ. ಮೊದಲು ಹೊರಡುವುದು ಹೊರಗಿನದು. ಆದ್ದರಿಂದ ಕಬ್ಬಿಣ +2 ಎಂದರೆ 3ಡಿ⁶, ಅಂದರೆ 3ಡಿಯಲ್ಲಿ ಆರು ಎಲೆಕ್ಟ್ರಾನು. ಇದನ್ನು 3ಡಿ⁴ 4ಎಸ್² ಎಂದು ಬರೆದರೆ ಅಲ್ಲಿಂದ ಮುಂದಿನ ಕಾಂತೀಯತೆ, ಬಣ್ಣದ ಲೆಕ್ಕಗಳೆಲ್ಲ ಹಳಿ ತಪ್ಪುತ್ತವೆ.

ಯಾವ ಲೋಹಕ್ಕೆ ಯಾವ ಸ್ಥಿತಿ ಅನ್ನೋದನ್ನ ಬಾಯಿಪಾಠ ಮಾಡಲೇಬೇಕಾ?

ಪಟ್ಟಿ ಬೇಡ, ಆಕಾರ ನೆನಪಿಡಿ: ಮಧ್ಯದಲ್ಲಿ ಎತ್ತರ, ಎರಡೂ ತುದಿಯಲ್ಲಿ ತಗ್ಗು. ಸ್ಕ್ಯಾಂಡಿಯಂ +3, ಟೈಟೇನಿಯಂ +4ರವರೆಗೆ, ವನೇಡಿಯಂ +5, ಕ್ರೋಮಿಯಂ +6, ಮ್ಯಾಂಗನೀಸ್ +7. ಅಲ್ಲಿಯವರೆಗೆ 4ಎಸ್ ಮತ್ತು 3ಡಿ ಎಲೆಕ್ಟ್ರಾನುಗಳ ಮೊತ್ತವೇ ಗರಿಷ್ಠ ಸ್ಥಿತಿ. ಕಬ್ಬಿಣದಿಂದ ಆ ಲೆಕ್ಕ ಮುರಿಯುತ್ತದೆ. ಬೀಜಕೇಂದ್ರದ ಸೆಳೆತ ಹೆಚ್ಚಿ, ಡಿ ಎಲೆಕ್ಟ್ರಾನುಗಳಲ್ಲಿ ಜೋಡಿಗಳೂ ಶುರುವಾಗಿ, ಎಲ್ಲವನ್ನೂ ಬಳಸುವುದು ಲಾಭಕರವಲ್ಲ. ಕಬ್ಬಿಣದಲ್ಲಿ ಸಾಮಾನ್ಯವಾಗಿ ಕಾಣುವುದು +2, +3. ಪ್ರಬಲ ಕ್ಷಾರದಲ್ಲಿ ಫೆರೇಟ್ ಆಗಿ +6. ಕೋಬಾಲ್ಟ್ +2, +3. ನಿಕಲ್ ಹೆಚ್ಚಾಗಿ +2. ತಾಮ್ರ +1, +2. ಸತು +2.

ಸತುವೂ ಡಿ-ಬ್ಲಾಕ್‌ನಲ್ಲೇ ಇದೆಯಲ್ಲ, ಅದಕ್ಕೆ ಯಾಕೆ ಒಂದೇ ಸ್ಥಿತಿ?

ಡಿ-ಬ್ಲಾಕ್ ಎಂಬುದು ಕೋಷ್ಟಕದಲ್ಲಿನ ಜಾಗ. ಸಂಕ್ರಮಣ ಧಾತು ಎನಿಸಿಕೊಳ್ಳಲು ಪರಮಾಣುವಿನಲ್ಲಾಗಲಿ, ಅದರ ಧನ ಅಯಾನಿನಲ್ಲಾಗಲಿ ಅಪೂರ್ಣ ಡಿ ಉಪಕವಚ ಇರಬೇಕು. ಸತುವಿನಲ್ಲಿ 3ಡಿ¹⁰, +2 ಆದ ಮೇಲೂ 3ಡಿ¹⁰. ಮೂರನೆಯ ಎಲೆಕ್ಟ್ರಾನಿಗೆ 3833 ತೆರಬೇಕು, ಅದಕ್ಕೆ ತಕ್ಕ ಜಮೆ ಇಲ್ಲ. ಸ್ಕ್ಯಾಂಡಿಯಂ ಅಯಾನಿನಲ್ಲಿ ಡಿ ಖಾಲಿಯಾದರೂ ಪರಮಾಣುವಿನಲ್ಲಿ ಒಂದು ಡಿ ಎಲೆಕ್ಟ್ರಾನು ಇರುವುದರಿಂದ ಅದು ವ್ಯಾಖ್ಯೆಯ ಒಳಗೆ ಉಳಿಯುತ್ತದೆ.

## ಎರಡನೇ ಮೆಟ್ಟಿಲು

“ಅರ್ಧ ತುಂಬಿದ ಡಿ ಸ್ಥಿರ” ಅಂತ ಬರೆದುಬಿಟ್ಟರೆ ಸಾಕಲ್ವಾ?

ಪರೀಕ್ಷೆಯಲ್ಲಿ ಅತಿಯಾಗಿ ಸವೆದ ವಾಕ್ಯ ಇದು. ಹೊಂದುವ ಕಡೆ ಚೆನ್ನಾಗಿ ಹೊಂದುತ್ತದೆ. ಮೂರನೇ ಅಯಾನೀಕರಣ ಶಕ್ತಿ ಕ್ರೋಮಿಯಂಗೆ 2987, ಕಬ್ಬಿಣಕ್ಕೆ 2957, ನಡುವೆ ಮ್ಯಾಂಗನೀಸ್‌ಗೆ 3248. ಮ್ಯಾಂಗನೀಸ್ +2ರ ಐದು ಎಲೆಕ್ಟ್ರಾನುಗಳು ಒಂದೇ ದಿಕ್ಕಿನ ಸ್ಪಿನ್‌ನಲ್ಲಿವೆ, ಅದರಿಂದ ಸಿಗುವ ಹೆಚ್ಚುವರಿ ಸ್ಥಿರತೆಯನ್ನು (ವಿನಿಮಯ ಶಕ್ತಿ) ಮುರಿಯಬೇಕು. ಕಬ್ಬಿಣದ ಆರನೆಯದು ಜೋಡಿಯಾಗಿ ಕೂತಿದೆ, ಪಕ್ಕದವನ ವಿಕರ್ಷಣೆಯೇ ಅದನ್ನು ಹೊರದೂಡಲು ನೆರವಾಗುತ್ತದೆ. ಆದ್ದರಿಂದ ಮ್ಯಾಂಗನೀಸ್ +3ರಿಂದ +2ಕ್ಕೆ ಇಳಿಯುವ ವಿಭವ +1.51 ವೋಲ್ಟ್, ಕಬ್ಬಿಣದ್ದು +0.77 ಮಾತ್ರ.

ಈಗ ಇಕ್ಕಟ್ಟು ನೋಡಿ. ಕ್ರೋಮಿಯಂ +2 ಮತ್ತು ಮ್ಯಾಂಗನೀಸ್ +3 ಎರಡೂ ಡಿ⁴. ಮೊದಲನೆಯದು ಎಲೆಕ್ಟ್ರಾನು ಕೊಡಲು ತವಕಿಸುವ ಅಪಕರ್ಷಕ (−0.41 ವೋಲ್ಟ್), ಎರಡನೆಯದು ಕಿತ್ತುಕೊಳ್ಳುವ ಉತ್ಕರ್ಷಕ. ಅರ್ಧ ತುಂಬುವುದೇ ಎಲ್ಲರ ಗುರಿಯಾಗಿದ್ದರೆ ಕ್ರೋಮಿಯಂ ಡಿ³ ಕಡೆಗೆ ಏಕೆ ಓಡಬೇಕು? ನೀರಿನಲ್ಲಿ ಆರು ನೀರಿನ ಅಣುಗಳು ಸುತ್ತುವರಿದಾಗ ಐದು ಡಿ ಕಕ್ಷಕಗಳು ಕೆಳಗೆ ಮೂರು, ಮೇಲೆ ಎರಡು ಎಂದು ಒಡೆಯುತ್ತವೆ. ಕ್ರೋಮಿಯಂ +3ರ ಮೂರೂ ಎಲೆಕ್ಟ್ರಾನುಗಳು ಕೆಳಗಿನ ಮೂರರಲ್ಲಿ ಒಂದೊಂದಾಗಿ ಕೂರುತ್ತವೆ; +2ರ ನಾಲ್ಕನೆಯದು ಮೇಲಿನ ಮಹಡಿಯಲ್ಲಿ ದುಬಾರಿಯಾಗಿ ಇರುತ್ತದೆ. ಅದನ್ನು ಬಿಟ್ಟುಕೊಟ್ಟರೇ ಲಾಭ. ಉತ್ತರದಲ್ಲಿ ಈ ಒಡಕನ್ನು ಹೇಳದೆ ಸ್ಥಿರತೆಯ ಮಾತನ್ನಷ್ಟೇ ಆಡಿದರೆ ಎರಡರಲ್ಲಿ ಒಂದನ್ನು ಮಾತ್ರ ವಿವರಿಸಿದಂತಾಗುತ್ತದೆ.

ತಾಮ್ರ +1ರಲ್ಲಿ ಡಿ ಪೂರ್ತಿ ತುಂಬಿದೆ. ಹಾಗಿದ್ದೂ ನೀರಲ್ಲಿ +2 ಯಾಕೆ ಗೆಲ್ಲುತ್ತೆ?

ಜಮಾ-ಖರ್ಚಿನ ಪುಸ್ತಕ ಪೂರ್ತಿ ಬಿಚ್ಚಿ ನೋಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ಸಿಗದು. ಎರಡು ತಾಮ್ರ +1 ಅಯಾನುಗಳು ಸೇರಿ ಒಂದು +2 ಅಯಾನು ಮತ್ತು ಒಂದು ಲೋಹದ ಪರಮಾಣು ಆಗುತ್ತವೆ ಎಂದುಕೊಳ್ಳಿ.

ಖರ್ಚು: ಒಂದು ಅಯಾನಿನಿಂದ ಎರಡನೇ ಎಲೆಕ್ಟ್ರಾನು ತೆಗೆಯಲು 1958. ಅದನ್ನು ಪಕ್ಕದ ಅಯಾನಿಗೆ ಕೊಟ್ಟಾಗ 745 ವಾಪಸು. ನಿವ್ವಳ ಖರ್ಚು 1213.

ಜಮೆ: ತಾಮ್ರ +2ರ ಜಲಯೋಜನ ಶಕ್ತಿ ಸುಮಾರು 2100, +1ರದ್ದು ಸುಮಾರು 590. ಎರಡು +1 ಅಯಾನುಗಳ 1180 ಕಳೆದರೆ ಉಳಿದದ್ದು 920. ತಾಮ್ರದ ಪರಮಾಣುಗಳು ಲೋಹವಾಗಿ ಕೂಡಿಕೊಂಡಾಗ ಇನ್ನೂ ಸುಮಾರು 338. ಒಟ್ಟು 1258.

ಉಳಿತಾಯ 45 ಮಾತ್ರ. ಸಾವಿರಗಳ ವಹಿವಾಟಿನಲ್ಲಿ ಚಿಲ್ಲರೆ. ಆದರೆ ತೀರ್ಪು ಕೊಡುವುದು ಆ ಚಿಲ್ಲರೆಯೇ: ವಿಭವಗಳಿಂದ ನೋಡಿದರೆ 0.52 − 0.15 = 0.37 ವೋಲ್ಟ್, ಅಂದರೆ ಸಮತೋಲನ ಸ್ಥಿರಾಂಕ ಹತ್ತು ಲಕ್ಷದ ಮಟ್ಟದ್ದು.

ಉಳಿತಾಯ ಇಷ್ಟು ಸಣ್ಣದಾದ್ದರಿಂದ ತೀರ್ಪನ್ನು ತಿರುಗಿಸುವುದೂ ಸುಲಭ. ತಾಮ್ರದ ಸಲ್ಫೇಟ್ ದ್ರಾವಣಕ್ಕೆ ಪೊಟ್ಯಾಷಿಯಂ ಅಯೋಡೈಡ್ ಹಾಕಿದರೆ ತಾಮ್ರ +1ಕ್ಕೆ ಇಳಿದು ಬಿಳಿ ಕ್ಯೂಪ್ರಸ್ ಅಯೋಡೈಡ್ ಆಗಿ ಕೆಳಗೆ ಕೂರುತ್ತದೆ, ಅಯೋಡಿನ್ ಬಿಡುಗಡೆಯಾಗುತ್ತದೆ. ಅಯೋಡಿನ್ನಿನ ಕಂದು ಬಣ್ಣ ಬಿಳಿಯನ್ನು ಮುಚ್ಚುವುದರಿಂದ ಥಯೋಸಲ್ಫೇಟ್ ಹಾಕಿದ ಮೇಲೆಯೇ ಅವಕ್ಷೇಪದ ನಿಜ ಬಣ್ಣ ಕಾಣುತ್ತದೆ. ಕಂದು ಅವಕ್ಷೇಪ ಬಂತು ಎಂದು ಬರೆಯುವವರು ಎಡವುವುದು ಇಲ್ಲೇ.

ಹಳದಿ ಕ್ರೋಮೇಟ್ ಆಮ್ಲದಲ್ಲಿ ಕಿತ್ತಳೆ ಡೈಕ್ರೋಮೇಟ್ ಆಯ್ತು. ಕ್ರೋಮಿಯಂ ಸ್ಥಿತಿ ಎಷ್ಟು ಬದಲಾಯ್ತು?

ಏನೂ ಇಲ್ಲ. ಎರಡರಲ್ಲೂ +6. ಎರಡು ಕ್ರೋಮೇಟ್‌ಗಳು ಒಂದು ನೀರಿನ ಅಣು ಕಳೆದುಕೊಂಡು ಕೂಡಿಕೊಂಡವು, ಅಷ್ಟೆ. ಬಣ್ಣ ಬದಲಾದರೆ ಸ್ಥಿತಿ ಬದಲಾಯಿತು ಎಂಬ ಊಹೆ ಇಲ್ಲಿ ಕೈಕೊಡುತ್ತದೆ. ದ್ರಾವಣ ಹಸಿರಾದರೆ ಮಾತ್ರ ಕ್ರೋಮಿಯಂ +3ಕ್ಕೆ ಇಳಿದಿದೆ.

ಪರ್ಮ್ಯಾಂಗನೇಟ್‌ನಲ್ಲಿ ಡಿ ಎಲೆಕ್ಟ್ರಾನೇ ಇಲ್ಲವಲ್ಲ, ಅಷ್ಟು ಗಾಢ ಬಣ್ಣ ಎಲ್ಲಿಂದ?

ಆಕ್ಸಿಜನ್ನಿನ ಎಲೆಕ್ಟ್ರಾನು ಬೆಳಕು ಹೀರಿ ಮ್ಯಾಂಗನೀಸ್‌ನ ಖಾಲಿ ಡಿ ಕಕ್ಷಕಕ್ಕೆ ಕ್ಷಣಕಾಲ ನೆಗೆಯುತ್ತದೆ. ಇದಕ್ಕೆ ಆವೇಶ ವರ್ಗಾವಣೆ ಎಂದು ಹೆಸರು. ಡಿಯಿಂದ ಡಿಗೆ ನೆಗೆಯುವುದಕ್ಕಿಂತ ಇದು ನೂರಾರು ಪಟ್ಟು ಬಲವಾಗಿ ಬೆಳಕು ಹೀರುತ್ತದೆ. ಮ್ಯಾಂಗನೀಸ್ +2ರ ತಿಳಿ ಗುಲಾಬಿ ಕಣ್ಣಿಗೆ ಬೀಳುವುದೇ ಕಷ್ಟ. ಪರ್ಮ್ಯಾಂಗನೇಟ್ ಒಂದು ಹನಿಯೇ ಎದ್ದು ಕಾಣುತ್ತದೆ, ಟೈಟ್ರೇಷನ್‌ನಲ್ಲಿ ಬೇರೆ ಸೂಚಕ ಬೇಡವಾದದ್ದು ಹೀಗೆ.

## ಪ್ರಯೋಗದ ಮೇಜು

ವನೇಡಿಯಂನ ನಾಲ್ಕೂ ಸ್ಥಿತಿಗಳನ್ನ ಒಂದೇ ಫ್ಲಾಸ್ಕ್‌ನಲ್ಲಿ ತೋರಿಸೋದು ಹೇಗೆ?

0.6 ಗ್ರಾಂ ಅಮೋನಿಯಂ ಮೆಟಾವನೇಡೇಟ್‌ಅನ್ನು 15 ಮಿಲಿ 1 ಮೋಲಾರ್ ಸೋಡಿಯಂ ಹೈಡ್ರಾಕ್ಸೈಡ್‌ನಲ್ಲಿ ತುಸು ಬಿಸಿ ಮಾಡಿ ಕರಗಿಸಿ. ಅಮೋನಿಯಾ ವಾಸನೆ ಬರುತ್ತದೆ, ಗಾಳಿಯಾಡುವ ಕಡೆ ಮಾಡಿ. ತಣಿದ ಮೇಲೆ 35 ಮಿಲಿ 2 ಮೋಲಾರ್ ಸಲ್ಫ್ಯೂರಿಕ್ ಆಮ್ಲವನ್ನು ಕಲಕುತ್ತಾ ಸೇರಿಸಿ. ನಡುವೆ ಕಿತ್ತಳೆ ಅಥವಾ ಕೆಂಪು ಛಾಯೆ ಬಂದರೆ ನಿಲ್ಲಿಸಬೇಡಿ, ಆಮ್ಲ ಪೂರ್ತಿ ಸೇರಿದಾಗ ಹಳದಿಯಾಗುತ್ತದೆ. ಈಗ ವನೇಡಿಯಂ +5, ಸುಮಾರು 0.1 ಮೋಲಾರ್.

3 ಗ್ರಾಂ ಸತುವಿನ ಚೂರು ಹಾಕಿ, ಬಾಯಿಗೆ ಹತ್ತಿಯನ್ನು ಸಡಿಲವಾಗಿ ಇಡಿ. ಬಿಗಿ ಬಿರಡೆ ಹಾಕಬೇಡಿ, ಹೈಡ್ರೋಜನ್ ಹೊರಹೋಗಬೇಕು. ಹತ್ತಿರ ಬೆಂಕಿ ಇರಕೂಡದು. ಮೊದಲು ಕಾಣುವ ಹಸಿರು ಮೋಸದ್ದು: ಹಳದಿ +5 ಮತ್ತು ನೀಲಿ +4 ಬೆರೆತ ಬಣ್ಣ. ನಂತರ ಶುದ್ಧ ನೀಲಿ (+4), ಆಮೇಲೆ ನಿಜವಾದ ಹಸಿರು (+3), ಕೊನೆಗೆ ನೇರಳೆ (+2).

ವಾಪಸು ಮೆಟ್ಟಿಲು ಹತ್ತಿಸುವುದು ಇನ್ನೂ ಚೆಂದ. 10 ಮಿಲಿ ನೇರಳೆ ದ್ರಾವಣವನ್ನು ಸತುವಿನಿಂದ ಬೇರ್ಪಡಿಸಿ, ಬ್ಯುರೆಟ್‌ನಿಂದ 0.02 ಮೋಲಾರ್ ಪರ್ಮ್ಯಾಂಗನೇಟ್ ಬಿಡಿ. ಲೆಕ್ಕದಂತೆ ಪ್ರತಿ ಮೆಟ್ಟಿಲಿಗೂ 10 ಮಿಲಿ ಹಿಡಿಯಬೇಕು. ಮೊದಲ ಮೆಟ್ಟಿಲು ಯಾವಾಗಲೂ ಕಡಿಮೆ ಹಿಡಿಯುತ್ತದೆ, ಏಕೆಂದರೆ ಸುರಿಯುವಷ್ಟರಲ್ಲೇ ಗಾಳಿ ತನ್ನ ಪಾಲು ಮುಗಿಸಿರುತ್ತದೆ. ವನೇಡಿಯಂ ಸಂಯುಕ್ತಗಳು ವಿಷ: ಕೈಗವಸು, ಕನ್ನಡಕ ಬೇಕು, ಉಳಿದದ್ದನ್ನು ಸಿಂಕಿಗೆ ಸುರಿಯದೆ ಭಾರ ಲೋಹಗಳ ತ್ಯಾಜ್ಯಕ್ಕೆ ಹಾಕಿ.

ನಮ್ಮದು ಹಸಿರಿಗೇ ನಿಂತುಬಿಡುತ್ತೆ, ನೇರಳೆ ಬರಲ್ಲ. ಏನು ತಪ್ಪು?

ಮೂರು ಅನುಮಾನ. ಗುಳ್ಳೆ ನಿಂತಿದ್ದರೆ ಆಮ್ಲ ಅಥವಾ ಸತು ಮುಗಿದಿದೆ, ಇಲ್ಲವೇ ಸತುವಿನ ಮೈ ಮಂಕಾಗಿದೆ. ಗುಳ್ಳೆ ಬರುತ್ತಿದ್ದೂ ನೇರಳೆ ನಿಲ್ಲದಿದ್ದರೆ ಗಾಳಿ ಒಳಬರುತ್ತಿದೆ. ಫ್ಲಾಸ್ಕ್ ಅಲ್ಲಾಡಿಸುವುದನ್ನು ಬಿಡಿ. ಮೂರನೆಯದು, ಸತುವಿನ ಬದಲು ತವರ ಬಳಸಿರಬಹುದು. ವನೇಡಿಯಂ +3ರಿಂದ +2ಕ್ಕೆ ಇಳಿಯಲು ವಿಭವ −0.26 ವೋಲ್ಟ್. ಸತು (−0.76) ಅದಕ್ಕಿಂತ ಕೆಳಗಿದೆ, ಇಳಿಸಬಲ್ಲದು. ತವರ (−0.14) ಮೇಲಿದೆ, +3ಕ್ಕೇ ನಿಲ್ಲುತ್ತದೆ. ಫೆರಸ್ ಲವಣ, ಅಂದರೆ ಕಬ್ಬಿಣ +2 (+0.77), ಹಾಕಿದರೆ +4ರಲ್ಲೇ ನಿಲ್ಲುತ್ತದೆ. ಬೇಕಾದ ಮೆಟ್ಟಿಲಿನಲ್ಲಿ ನಿಲ್ಲಿಸಲು ಇದೇ ಉಪಾಯ.

ಪರ್ಮ್ಯಾಂಗನೇಟ್ ಟೈಟ್ರೇಷನ್ ನಡುವೆ ಕಂದು ಕಲಕು ಬರುತ್ತೆ. ರೀಡಿಂಗ್ ತಗೋಬಹುದಾ?

ಬೇಡ, ಮತ್ತೆ ಮಾಡಿ. ಆ ಕಂದು ಮ್ಯಾಂಗನೀಸ್ ಡೈಆಕ್ಸೈಡ್. ಮ್ಯಾಂಗನೀಸ್ +7ರಿಂದ +2ಕ್ಕೆ ಇಳಿಯುವ ಬದಲು +4ರಲ್ಲೇ ಇಳಿದುಬಿಟ್ಟಿದೆ: ಐದು ಎಲೆಕ್ಟ್ರಾನಿನ ಲೆಕ್ಕ ಮೂರಾಯಿತು. ಆಮ್ಲದಲ್ಲಿ ಐದು, ತಟಸ್ಥದಲ್ಲಿ ಮೂರು, ಪ್ರಬಲ ಕ್ಷಾರದಲ್ಲಿ ಒಂದೇ. ಹೀಗಾಗಿ ಒಂದೇ ಲವಣಕ್ಕೆ ತುಲ್ಯಭಾರ (ಒಂದು ಮೋಲ್ ಎಲೆಕ್ಟ್ರಾನಿಗೆ ತಕ್ಕ ತೂಕ, ಗ್ರಾಂಗಳಲ್ಲಿ) 31.6, 52.7, 158 ಎಂದು ಮೂರು.

20 ಮಿಲಿ 0.1 ಮೋಲಾರ್ ಮೋರ್ ಲವಣಕ್ಕೆ (ಫೆರಸ್ ಅಮೋನಿಯಂ ಸಲ್ಫೇಟ್) 20 ಮಿಲಿ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲ ಧಾರಾಳ. ಬ್ಯುರೆಟ್‌ನಿಂದ ಹನಿ ಹನಿಯಾಗಿ ಬಿಟ್ಟು ಫ್ಲಾಸ್ಕ್ ತಿರುಗಿಸುತ್ತಿರಿ. ಹೈಡ್ರೋಕ್ಲೋರಿಕ್ ಆಮ್ಲ ಬಳಸಿದರೆ ಕ್ಲೋರೈಡೂ ಪರ್ಮ್ಯಾಂಗನೇಟ್ ತಿನ್ನುತ್ತದೆ, ರೀಡಿಂಗ್ ಹೆಚ್ಚು ಬರುತ್ತದೆ. ನೈಟ್ರಿಕ್ ಆಮ್ಲ ತಾನೇ ಉತ್ಕರ್ಷಕ, ರೀಡಿಂಗ್ ಕಡಿಮೆಯಾಗುತ್ತದೆ. ಆಕ್ಸಾಲಿಕ್ ಆಮ್ಲವಾದರೆ 60–70 ಡಿಗ್ರಿಗೆ ಬಿಸಿ ಮಾಡಿ. ಮೊದಲ ಹನಿಗಳ ಬಣ್ಣ ಹೋಗಲು ತಡವಾದರೆ ಕಾಯಿರಿ. ಹುಟ್ಟುವ ಮ್ಯಾಂಗನೀಸ್ +2 ಅಯಾನೇ ವೇಗವರ್ಧಕವಾಗಿ ಆಮೇಲೆ ಚುರುಕಾಗುತ್ತದೆ. ಮೋರ್ ಲವಣವನ್ನು ಮಾತ್ರ ಬಿಸಿ ಮಾಡಬಾರದು, ಗಾಳಿಯೇ ಅದನ್ನು ಉತ್ಕರ್ಷಿಸುತ್ತದೆ.

ಫೆರಸ್ ದ್ರಾವಣ ಮರುದಿನಕ್ಕೆ ಹಳದಿಯಾಗುತ್ತೆ. ತಡೆಯೋದು ಹೇಗೆ?

ಆಮ್ಲ ಮೊದಲು, ನೀರು ಆಮೇಲೆ. 250 ಮಿಲಿ 0.1 ಮೋಲಾರ್ ದ್ರಾವಣಕ್ಕೆ 9.8 ಗ್ರಾಂ ಮೋರ್ ಲವಣವನ್ನು 25 ಮಿಲಿ 1 ಮೋಲಾರ್ ಸಲ್ಫ್ಯೂರಿಕ್ ಆಮ್ಲದಲ್ಲಿ ನೆನೆಸಿ, ಕುದಿಸಿ ಆರಿಸಿದ ಭಟ್ಟಿ ಇಳಿಸಿದ ನೀರಿನಿಂದ ಗುರುತಿನವರೆಗೆ ತುಂಬಿ. ಆಮ್ಲದಲ್ಲಿ ಈ ಜೋಡಿಯ ವಿಭವ +0.77 ವೋಲ್ಟ್, ಕ್ಷಾರದಲ್ಲಿ ಹೈಡ್ರಾಕ್ಸೈಡ್‌ಗಳ ನಡುವೆ ಅದು −0.56ಕ್ಕೆ ಬೀಳುತ್ತದೆ, ಗಾಳಿ ತಾಗಿದೊಡನೆ +3. ಫೆರಸ್ ಹೈಡ್ರಾಕ್ಸೈಡ್ ನಿಮಿಷಗಳಲ್ಲಿ ಕಂದಾಗುವುದು ಇದರಿಂದಲೇ. ಶುದ್ಧ ಕಬ್ಬಿಣದ ಮೊಳೆ ಹಾಕಿಟ್ಟರೆ ಹುಟ್ಟಿದ +3 ಮತ್ತೆ +2 ಆಗುತ್ತದೆ. ಆದರೆ ಮೊಳೆಯೂ ಕರಗಿ ಸಾಂದ್ರತೆ ಏರುವುದರಿಂದ ಅಂಥ ದ್ರಾವಣ ಗುಣಾತ್ಮಕ ಪರೀಕ್ಷೆಗೆ ಮಾತ್ರ. ಅನುಮಾನ ಬಂದರೆ ಒಂದು ಹನಿ ಥಯೋಸಯನೇಟ್ ಹಾಕಿ: ರಕ್ತಗೆಂಪು ಬಂದರೆ +3 ಇದೆ.

## ಮೇಲಿನ ಮೆಟ್ಟಿಲು

ಕೋಬಾಲ್ಟ್ +3 ನೀರಲ್ಲಿ ನಿಲ್ಲಲ್ಲ, ಅಮೋನಿಯಾ ಹಾಕಿದರೆ ನಿಲ್ಲುತ್ತೆ. ಹೇಗೆ?

ನೀರು ಮಾತ್ರ ಸುತ್ತ ಇದ್ದರೆ ಕೋಬಾಲ್ಟ್ +3ರಿಂದ +2ರ ವಿಭವ +1.82 ವೋಲ್ಟ್. ನೀರನ್ನು ಆಕ್ಸಿಜನ್ ಆಗಿಸಲು 1.23 ಸಾಕು, ಆದ್ದರಿಂದ +3 ತನ್ನ ದ್ರಾವಕವನ್ನೇ ಉತ್ಕರ್ಷಿಸಿ ಕೆಳಗಿಳಿಯುತ್ತದೆ. ಆರು ಅಮೋನಿಯಾ ಅಣುಗಳು ಕೂತಾಗ ವಿಭವ ಸುಮಾರು +0.1. ಈಗ ಗಾಳಿಯ ಆಕ್ಸಿಜನ್ನೇ +2ನ್ನು +3ಕ್ಕೆ ಹತ್ತಿಸುತ್ತದೆ. ಅಮೋನಿಯಾ +3ನ್ನು +2ಕ್ಕಿಂತ ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂಬುದು ಇದರಿಂದಲೇ ಸಿಗುತ್ತದೆ: ಸ್ಥಿರತೆಯ ಸ್ಥಿರಾಂಕಗಳ ಅನುಪಾತ ಹತ್ತು ಪಟ್ಟಾದರೆ ವಿಭವ 0.059 ವೋಲ್ಟ್ ಇಳಿಯುತ್ತದೆ. 1.7 ವೋಲ್ಟ್ ಇಳಿದಿದೆ ಎಂದರೆ ಅನುಪಾತ 10²⁹ರ ಆಸುಪಾಸು. ಡಿ⁶ನ ಆರೂ ಎಲೆಕ್ಟ್ರಾನುಗಳು ಕೆಳಗಿನ ಮೂರು ಕಕ್ಷಕಗಳಲ್ಲಿ ಜೋಡಿಯಾಗಿ ಕೂರುವುದೇ ಇದರ ಮೂಲ.

ಅತಿ ಹೆಚ್ಚಿನ ಸ್ಥಿತಿ ಆಕ್ಸಿಜನ್, ಫ್ಲೋರಿನ್ ಜತೆ ಮಾತ್ರ ಕಾಣುತ್ತಲ್ಲ. ಇಬ್ಬರಲ್ಲಿ ಬಲಶಾಲಿ ಯಾರು?

ಎಲೆಕ್ಟ್ರಾನು ಸೆಳೆತದಲ್ಲಿ ಫ್ಲೋರಿನ್ ಮುಂದು, ಆದರೆ ಇಲ್ಲಿ ಗೆಲ್ಲುವುದು ಆಕ್ಸಿಜನ್. ಮ್ಯಾಂಗನೀಸ್‌ನ ಸರಳ ಫ್ಲೋರೈಡ್ +4ಕ್ಕೇ ನಿಲ್ಲುತ್ತದೆ, ಆಕ್ಸೈಡ್ +7ರವರೆಗೆ ಹೋಗುತ್ತದೆ. +7ಕ್ಕೆ ಏಳು ಫ್ಲೋರಿನ್ ಬೇಕು. ಅಷ್ಟು ಸಣ್ಣ ಪರಮಾಣುವಿನ ಸುತ್ತ ಅಷ್ಟು ಜನಕ್ಕೆ ಜಾಗವಿಲ್ಲ. ಆಕ್ಸಿಜನ್ ಬಹುಬಂಧ ಕಟ್ಟುವುದರಿಂದ ನಾಲ್ಕೇ ಸಾಕು. ಎರಡನೇ, ಮೂರನೇ ಸಾಲಿನ ದೊಡ್ಡ ಲೋಹಗಳು ಇನ್ನೂ ಮೇಲೇರುತ್ತವೆ: ರುಥೇನಿಯಂ, ಆಸ್ಮಿಯಂ ಟೆಟ್ರಾಕ್ಸೈಡ್‌ಗಳಲ್ಲಿ +8. ಇರಿಡಿಯಂ +9 ಇರುವ ಅಯಾನು 2014ರಲ್ಲಿ ವರದಿಯಾಯಿತು. ಅದು ಅನಿಲ ಸ್ಥಿತಿಯಲ್ಲಿ ಪತ್ತೆಯಾದದ್ದು, ಬಾಟಲಿಯಲ್ಲಿ ಸಿಗುವ ವಸ್ತುವಲ್ಲ.

ಲೋಹಕ್ಕೆ ಸೊನ್ನೆ, ಋಣ ಸ್ಥಿತಿ ಅನ್ನೋದು ನಿಜವಾ?

ನಿಜ. ಕಾರ್ಬೊನಿಲ್ ಎಂದರೆ ಲೋಹಕ್ಕೆ ಕಟ್ಟಿಕೊಂಡ ಕಾರ್ಬನ್ ಮೊನಾಕ್ಸೈಡ್. ನಿಕಲ್ ಟೆಟ್ರಾಕಾರ್ಬೊನಿಲ್‌ನಲ್ಲಿ ನಿಕಲ್ ಸೊನ್ನೆ, ಕಬ್ಬಿಣದ ಪೆಂಟಾಕಾರ್ಬೊನಿಲ್‌ನಲ್ಲಿ ಕಬ್ಬಿಣ ಸೊನ್ನೆ. ನಾಲ್ಕು ಕಾರ್ಬೊನಿಲ್ ಇರುವ ಕಬ್ಬಿಣದ ಡೈಸೋಡಿಯಂ ಲವಣದಲ್ಲಿ −2. ಕಾರ್ಬನ್ ಮೊನಾಕ್ಸೈಡ್ ಲೋಹಕ್ಕೆ ಎಲೆಕ್ಟ್ರಾನು ಕೊಡುವುದಷ್ಟೇ ಅಲ್ಲ, ಲೋಹದಲ್ಲಿ ಹೆಚ್ಚಾದದ್ದನ್ನು ತನ್ನ ಖಾಲಿ ಕಕ್ಷಕಕ್ಕೆ ವಾಪಸು ಪಡೆಯುತ್ತದೆ. ಮೇಲಿನ ಸ್ಥಿತಿಗೆ ಆಕ್ಸಿಜನ್ ಎಷ್ಟು ಬೇಕೋ ಕೆಳಗಿನದಕ್ಕೆ ಇಂಥ ಲಿಗ್ಯಾಂಡ್ ಅಷ್ಟೇ ಬೇಕು. ಲುಡ್ವಿಗ್ ಮಾಂಡ್ 1890ರಲ್ಲಿ ಪ್ರಕಟಿಸಿದ ನಿಕಲ್ ಕಾರ್ಬೊನಿಲ್ ನಿಕಲ್ ಶುದ್ಧೀಕರಣಕ್ಕೆ ದಾರಿ ಮಾಡಿತು: 50–60 ಡಿಗ್ರಿಯಲ್ಲಿ ಕಟ್ಟಿಕೊಂಡು, 200 ಡಿಗ್ರಿ ದಾಟಿದ ಮೇಲೆ ಒಡೆದು ಶುದ್ಧ ಲೋಹ ಬಿಡುತ್ತದೆ. ಅತ್ಯಂತ ವಿಷಕಾರಿ, ಸಾಮಾನ್ಯ ಪ್ರಯೋಗಾಲಯದ ಕೆಲಸವಲ್ಲ.

ಮ್ಯಾಗ್ನಟೈಟ್‌ನಲ್ಲಿ ಕಬ್ಬಿಣದ ಸ್ಥಿತಿ 8/3 ಬಂತು. ಲೆಕ್ಕ ತಪ್ಪಾ?

ಲೆಕ್ಕ ಸರಿ, ಅದು ಸರಾಸರಿ. ಮೂರು ಕಬ್ಬಿಣದಲ್ಲಿ ಒಂದು +2, ಎರಡು +3. ಭಿನ್ನರಾಶಿ ಬಂದಾಗಲೆಲ್ಲ ಒಳಗೆ ಮಿಶ್ರ ಸ್ಥಿತಿಗಳಿವೆಯೇ ನೋಡಿ. ಕ್ರೋಮಿಯಂನ ನೀಲಿ ಪೆರಾಕ್ಸೈಡ್‌ನಲ್ಲಿ +10 ಬಂದರೆ ಮಾತ್ರ ಲೆಕ್ಕವೇ ತಪ್ಪು: ಐದರಲ್ಲಿ ನಾಲ್ಕು ಆಕ್ಸಿಜನ್ ಪೆರಾಕ್ಸೈಡ್‌ನವು, ತಲಾ −1. ಕ್ರೋಮಿಯಂ +6.

ಗುಂಪಿನಲ್ಲಿ ಕೆಳಗೆ ಹೋದರೆ ಕಡಿಮೆ ಸ್ಥಿತಿ ಸ್ಥಿರ ಅಂತ ಓದಿದ್ದೆ. ಇಲ್ಲಿ ಉಲ್ಟಾ ಯಾಕೆ?

ನೀವು ಓದಿದ್ದು ಪಿ-ಬ್ಲಾಕ್‌ನ ಮಾತು: ಸೀಸದಲ್ಲಿ +2 ಸ್ಥಿರ, ಸ್ಥಿತಿಗಳ ಅಂತರವೂ ಸಾಮಾನ್ಯವಾಗಿ ಎರಡು. ಡಿ-ಬ್ಲಾಕ್‌ನಲ್ಲಿ ಅಂತರ ಒಂದೊಂದೇ, ಕೆಳಗೆ ಹೋದಂತೆ ಮೇಲಿನ ಸ್ಥಿತಿಯೇ ಗಟ್ಟಿ. 4ಡಿ, 5ಡಿ ಕಕ್ಷಕಗಳು ಹೊರಗೆ ಹೆಚ್ಚು ಚಾಚಿಕೊಂಡು ಬಂಧಕ್ಕೆ ಚೆನ್ನಾಗಿ ಒದಗುತ್ತವೆ. ಅದಿರುಗಳೇ ಸಾಕ್ಷಿ: ಕ್ರೋಮೈಟ್‌ನಲ್ಲಿ ಕ್ರೋಮಿಯಂ +3, ಷೀಲೈಟ್‌ನಲ್ಲಿ ಟಂಗ್‌ಸ್ಟನ್ +6. ಡೈಕ್ರೋಮೇಟ್ ಪ್ರಬಲ ಉತ್ಕರ್ಷಕ (+1.33 ವೋಲ್ಟ್), ಟಂಗ್‌ಸ್ಟೇಟ್ ಸುಮ್ಮನೆ ಕೂತಿರುತ್ತದೆ.

ಹಸಿರು ಮ್ಯಾಂಗನೇಟ್‌ಗೆ ಆಮ್ಲ ಹಾಕಿದರೆ ನೇರಳೆಯೂ ಕಂದೂ ಒಟ್ಟಿಗೆ ಬರುತ್ತಲ್ಲ?

+6 ತನ್ನಲ್ಲೇ ಒಡೆದು ಎರಡು ಪಾಲು +7, ಒಂದು ಪಾಲು +4 ಆಗುತ್ತದೆ. +7ರಿಂದ +6ರ ವಿಭವ 0.56, +6ರಿಂದ +4ರದ್ದು 2.26 ವೋಲ್ಟ್. ಸ್ಥಿತಿಗಳನ್ನು ಎಡದಿಂದ ಬಲಕ್ಕೆ ಇಳಿಯುವ ಕ್ರಮದಲ್ಲಿ ಬರೆದಾಗ ಬಲಗಡೆಯ ವಿಭವ ಎಡಕ್ಕಿಂತ ಹೆಚ್ಚಿದ್ದರೆ ನಡುವಿನ ಸ್ಥಿತಿ ನಿಲ್ಲುವುದಿಲ್ಲ. ತಾಮ್ರ +1ಕ್ಕೂ ಇದೇ ನಿಯಮ. ಮ್ಯಾಂಗನೇಟ್ ಹಸಿರಾಗಿಯೇ ಉಳಿಯಬೇಕಾದರೆ ದ್ರಾವಣ ಪ್ರಬಲ ಕ್ಷಾರದಲ್ಲಿರಬೇಕು. ಗಾಳಿಯ ಕಾರ್ಬನ್ ಡೈಆಕ್ಸೈಡ್ ಕೂಡ ನಿಧಾನವಾಗಿ ಅದನ್ನು ಕೆಡಿಸುತ್ತದೆ.

ಇಷ್ಟೆಲ್ಲ ಸ್ಥಿತಿಗಳಿಂದ ಪ್ರಯೋಜನ ಏನು?

ವೇಗವರ್ಧನೆ ಮೊದಲ ಉತ್ತರ: ಸಲ್ಫ್ಯೂರಿಕ್ ಆಮ್ಲದ ತಯಾರಿಯಲ್ಲಿ ವನೇಡಿಯಂ ಪೆಂಟಾಕ್ಸೈಡ್ ಸಲ್ಫರ್ ಡೈಆಕ್ಸೈಡ್‌ಗೆ ಆಕ್ಸಿಜನ್ ಕೊಟ್ಟು +4ಕ್ಕೆ ಇಳಿಯುತ್ತದೆ, ಗಾಳಿಯಿಂದ ಪಡೆದು ಮತ್ತೆ +5. ನೇರವಾಗಿ ಕಣ್ಣಿಗೆ ಕಾಣುವ ಉತ್ತರ ವನೇಡಿಯಂ ಫ್ಲೋ ಬ್ಯಾಟರಿ. ಮರಿಯಾ ಸ್ಕೈಲಾಸ್-ಕಜಾಕೋಸ್ ಅವರ ತಂಡ ನ್ಯೂ ಸೌತ್ ವೇಲ್ಸ್ ವಿಶ್ವವಿದ್ಯಾಲಯದಲ್ಲಿ 1980ರ ದಶಕದಲ್ಲಿ ಇದನ್ನು ರೂಪಿಸಿತು. ಒಂದು ತೊಟ್ಟಿಯಲ್ಲಿ +5 ಮತ್ತು +4, ಇನ್ನೊಂದರಲ್ಲಿ +2 ಮತ್ತು +3, 1.00ರಿಂದ −0.26 ಕಳೆದರೆ ಕೋಶಕ್ಕೆ 1.26 ವೋಲ್ಟ್. ಬೇರೆ ಬೇರೆ ಲೋಹ ಬಳಸಿದ್ದರೆ ಪೊರೆ ದಾಟಿದ ಅಯಾನುಗಳು ಎದುರಿನ ದ್ರಾವಣವನ್ನು ಶಾಶ್ವತವಾಗಿ ಕೆಡಿಸುತ್ತಿದ್ದವು. ಇಲ್ಲಿ ಎರಡೂ ಕಡೆ ವನೇಡಿಯಮ್ಮೇ ಆದ್ದರಿಂದ ಸೋರಿದ್ದು ಆ ಹೊತ್ತಿನ ಚಾರ್ಜ್ ಅನ್ನು ತಿನ್ನುತ್ತದೆಯೇ ಹೊರತು ದ್ರಾವಣವನ್ನು ಕೆಡಿಸುವುದಿಲ್ಲ; ಎರಡು ತೊಟ್ಟಿಗಳನ್ನು ಬೆರೆಸಿ ಮತ್ತೆ ಚಾರ್ಜ್ ಮಾಡಿದರೆ ದ್ರಾವಣ ಮೊದಲಿನ ಸ್ಥಿತಿಗೆ ಬರುತ್ತದೆ.